ಬಲಗಣ್ಣಿನ ಕಬ್ಬಿಣದ ಚೂರು

ಆ ಹಾಳೆಯ ತುಂಬ ಪ್ರಶ್ನೆಗಳೇ ಇದ್ದವು. ಎದೆಯಲ್ಲಿ ಯಂತ್ರ ಕೂಡಿಸಿದ್ದಾರೆಯೇ, ತಲೆಯಲ್ಲಿ ಕ್ಲಿಪ್ ಹಾಕಿದ್ದಾರೆಯೇ, ಮೂತ್ರಪಿಂಡದ ತೊಂದರೆ ಇದೆಯೇ. ನನ್ನ ಹೆಂಡತಿ ರತ್ನಾ ಒಂದೊಂದನ್ನೇ ಓದುತ್ತಿದ್ದಳು, ನಾನು ಇಲ್ಲ ಇಲ್ಲ ಅನ್ನುತ್ತಿದ್ದೆ, ಅವಳು ಗುರುತು ಹಾಕುತ್ತಿದ್ದಳು. ಕಣ್ಣಿನಲ್ಲಿ ಯಾವಾಗಲಾದರೂ ಲೋಹದ ಚೂರು ಸಿಕ್ಕಿತ್ತೇ ಎಂಬ ಪ್ರಶ್ನೆಗೂ ಅದೇ ಓಟದಲ್ಲಿ ಇಲ್ಲ ಅಂದುಬಿಟ್ಟೆ. ಹುಟ್ಟಿದಾಗಿನಿಂದ ಕಬ್ಬಿಣದ ಜೊತೆಯೇ ಬದುಕಿದ ನನ್ನಂಥವನು ಹಾಗೆ ಹೇಳಿದರೆ ಯಾರೂ ನಂಬಬಾರದು. ರತ್ನಾ ನಂಬಿದಳು, ಅಥವಾ ನಂಬಿದಳೆಂದು ಆಗ ನಾನು ತಿಳಿದುಕೊಂಡೆ.

ಇದು ಆ ಒಂದು ಸುಳ್ಳಿನ ಕಥೆ, ಮತ್ತು ಅದರ ಹಿಂದೆ ತೆಪ್ಪಗೆ ಕೂತಿದ್ದ ಕಾಯಿಲೆಯ ಕಥೆ. ಕಣ್ಣಿನ ನರ ಎಂದರೇನು, ಗಡ್ಡೆ ಎಂದರೇನು ಅಂತ ತಿಳಿಸಿ ಹೇಳಲು ಓದಿದವರಿದ್ದಾರೆ. ನಾನು ಪಿಯುಸಿ ಎರಡು ಸಲ ಫೇಲಾಗಿ ವೆಲ್ಡಿಂಗ್ ಹಿಡಿದವನು. ಸ್ಕ್ಯಾನ್ ಕೋಣೆಯ ಹೊರಗಿನ ಸ್ಟೀಲಿನ ಕುರ್ಚಿಗಳ ಮೇಲೆ ಬಾಯಿ ಒಣಗಿಸಿಕೊಂಡು ಕೂತವರಿಗೆ, ಇಲ್ಲಿ ಹಿಂದೆ ಇನ್ನೊಬ್ಬ ಮೂರ್ಖನೂ ಕೂತಿದ್ದ ಎಂದು ತಿಳಿದರೆ ಸ್ವಲ್ಪ ಸಮಾಧಾನವಾದೀತು ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಮಾನಪ್ಪ. ಊರು ಸೂಡಿ. ಅಪ್ಪ ಕುಲುಮೆಯಲ್ಲಿ ಕೊಡಲಿ, ಕುಡುಗೋಲು, ಕುಂಟೆಯ ಅಲಗು ಬಡಿಯುತ್ತಿದ್ದ. ನಾನು ರೋಣದಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಮೌಲಾಸಾಬ ಎಂಬ ಗೆಳೆಯನ ಜೊತೆ ಪಾಲಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟೆ. ಕಿಟಕಿಯ ಗ್ರಿಲ್ಲು, ಟ್ರಾಲಿ, ಗೇಟು ಮಾಡುತ್ತೇವೆ. ಅಂಗಡಿಯ ಹಿಂದೆ ಅಪ್ಪನ ಕುಲುಮೆಯನ್ನೂ ಉಳಿಸಿಕೊಂಡಿದ್ದೇನೆ, ಏಕೆಂದರೆ ಸವಡಿ, ಅಸೂಟಿ ಕಡೆಯ ಹಳೆಯ ಗಿರಾಕಿಗಳು ಅಲಗಿಗೆ ಹದ ಹಾಕಿಸಲು ಈಗಲೂ ನನ್ನ ಬಳಿಗೇ ಬರುತ್ತಾರೆ. ಹದ ಹಾಕುವುದೆಂದರೆ ಬಣ್ಣ ನೋಡುವುದು. ಕಬ್ಬಿಣ ಕಾದು ಯಾವ ಕೆಂಪಿಗೆ ಬಂದಾಗ ನೀರಿಗೆ ಅದ್ದಬೇಕು ಎಂಬುದೊಂದೇ ವಿದ್ಯೆ. ಅದನ್ನು ಅಪ್ಪ ನನಗೆ ಬಾಯಿಂದ ಹೇಳಿಕೊಡಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಅಪ್ಪನಿಂದ ನನಗೆ ಬಂದ ಆಸ್ತಿ ಅಂದರೆ ಆ ಕೆಂಪು.

ಆ ಕೆಂಪೇ ಮೊದಲು ಕೈಕೊಟ್ಟಿತು. ಅಸೂಟಿಯ ಹಿರಿಯರೊಬ್ಬರು ಒಂದು ದಿನ ಕೊಡಲಿ ತಂದು ನನ್ನ ಕಾಲ ಬಳಿ ಇಟ್ಟರು. ಅಲಗು ಬಿಸ್ಕೀಟಿನ ಅಂಚಿನ ಹಾಗೆ ಉದುರಿತ್ತು.

"ಮಾನಪ್ಪ, ನಿಮ್ಮಪ್ಪ ಹದ ಹಾಕಿದ ಕೊಡ್ಲಿ ನಮ್ಮನ್ಯಾಗ ಇನ್ನೂ ಐತಿ. ನೀ ಹಾಕಿದ್ದು ಎಂಟು ದಿನಾ ಬರಲಿಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಕುಲುಮೆಯಲ್ಲಿ ಒಂದು ಸರಳು ಕಾಯಿಸಿ ನೋಡಿದೆ. ಹದ ನೋಡುವಾಗಿನ ರೂಢಿಯಂತೆ ಎಡಗಣ್ಣು ಮುಚ್ಚಿದರೆ ಕಾದ ಕಬ್ಬಿಣ ಬೂದಿ ಬಳಿದ ಇಟ್ಟಂಗಿಯ ಬಣ್ಣಕ್ಕಿತ್ತು. ಬಲಗಣ್ಣು ಮುಚ್ಚಿದರೆ ಅಪ್ಪ ತೋರಿಸಿದ ಕೆಂಪು ಹಾಗೇ ಉರಿಯುತ್ತಿತ್ತು. ನಾಲ್ಕೈದು ಸಲ ಹೀಗೆ ಮುಚ್ಚಿ ತೆರೆದು ಮಾಡಿದೆ. ಆಮೇಲೆ ಪೈಪು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವಾಗಲೂ, ಬಲಗಣ್ಣಿಗೆ ಪೈಪಿನ ಆಚೆಯ ತುದಿ ಮಂಜಿನಲ್ಲಿ ಸೇರಿಕೊಳ್ಳತೊಡಗಿತು. ಬೈಕಿನ ಮೇಲೆ ಸವಡಿ ದಾರಿಯಲ್ಲಿ ಬಲಗಡೆಯ ಕನ್ನಡಿಯ ಕಡೆ ಕಣ್ಣು ಹೊರಳಿಸಿದರೆ ಒಂದು ಕ್ಷಣ ಆ ಕಣ್ಣಿನಲ್ಲಿ ದೀಪ ಆರಿದಂತಾಗಿ, ನೇರ ನೋಡಿದಾಗ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಇದೆಲ್ಲ ಯಾಕೆ ಎಂದು ನನಗೆ ಗೊತ್ತು ಅಂದುಕೊಂಡಿದ್ದೆ. ನನಗೂ ಮೌಲಾಸಾಬನಿಗೂ ಮಾತ್ರ ಗೊತ್ತಿದ್ದ ಸಂಗತಿ ಅದು. ಮೂರು ವರ್ಷದ ಹಿಂದೆ ಗೇಟಿನ ಅಂಚು ಗ್ರೈಂಡಿಂಗ್ ಮಾಡುವಾಗ ಒಂದು ಚೂರು ಹಾರಿ ಬಲಗಣ್ಣಿಗೆ ಸಿಕ್ಕಿತ್ತು. ಕಣ್ಣಿಗೆ ಕಿಡಿ ತಡೆಯುವ ಕನ್ನಡಕ ಇರಲಿಲ್ಲ. ನಮ್ಮ ಕೆಲಸದವರು ಇಂಥದ್ದಕ್ಕೆ ದವಾಖಾನೆಗೆ ಹೋಗುವುದು ಕಡಿಮೆ. ಆರ್ಕ್‌ನ ಝಳ, ಅಂದರೆ ವೆಲ್ಡಿಂಗಿನ ಬೆಳಕು, ಕಣ್ಣಿಗೆ ಹೊಡೆದರೆ ಆಲೂಗಡ್ಡೆಯ ಹೋಳು ಕಣ್ಣಿನ ಮೇಲಿಟ್ಟು ಮಲಗುತ್ತೇವೆ. ಚೂರು ಬಿದ್ದರೆ ಪಕ್ಕದವನು ಕಾಗದದ ಮೂಲೆಯಿಂದ ತೆಗೆಯುತ್ತಾನೆ. ಅದಕ್ಕೂ ಬರದಿದ್ದರೆ ಹಳೆಯ ಸ್ಪೀಕರಿನ ಅಯಸ್ಕಾಂತ ಇದ್ದೇ ಇರುತ್ತದೆ. ಮೌಲಾಸಾಬ ನನ್ನನ್ನು ಟ್ರಾಲಿಯ ಮೇಲೆ ಮಲಗಿಸಿ, ರೆಪ್ಪೆ ಎತ್ತಿ ಹಿಡಿದು, ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವನ್ನು ಕಣ್ಣಿನ ಹತ್ತಿರ ತಂದ. ಕಣ್ಣೊಳಗೆ ಏನೋ ಎದ್ದು ನಿಂತು ಅದರ ಕಡೆ ಹೊರಟಿದ್ದು ನನಗೆ ತಿಳಿಯಿತು. ಆ ಅನುಭವವನ್ನು ನಾನು ಮರೆತಿರಲಿಲ್ಲ.

"ಬಂತು ನೋಡಲೇ" ಅಂತ ಕರವಸ್ತ್ರ ತೋರಿಸಿದ. ಸಾಸಿವೆಯ ಕಾಲು ಭಾಗದಷ್ಟು ಕಪ್ಪು ಚೂರು.

"ಪೂರಾ ಬಂತೇನಲೇ?"

"ಬಂದಿರಬೇಕು" ಅಂದ ಮೌಲಾಸಾಬ.

ಆ 'ಬಂದಿರಬೇಕು' ನನ್ನ ಜೊತೆ ಮೂರು ವರ್ಷ ಓಡಾಡಿತು. ದೃಷ್ಟಿ ಮಸುಕಾದಾಗ, ಉಳಿದ ಚೂರು ಒಳಗೆ ತುಕ್ಕು ಹಿಡಿದಿದೆ ಎಂದು ಇಬ್ಬರೂ ತೀರ್ಮಾನಿಸಿ, ಯಾರಿಗೂ ಹೇಳದೆ ಕೂತೆವು. ಬೇರೆಯವರಿಗೆ ಹೇಳಲು ನನಗೇನೂ ನಾಚಿಕೆ ಇರಲಿಲ್ಲ. ಹೇಳಲಾಗದ್ದು ರತ್ನಾಳಿಗೆ. ಆ ಘಟನೆಗೆ ಒಂದು ವರ್ಷ ಮೊದಲು ಝಳ ಹೊಡೆದು ನಾನು ಒಂದಿಡೀ ದಿನ ಕಣ್ಣು ತೆರೆಯಲಾಗದೆ ಬಿದ್ದಾಗ, ಅವಳು ನನ್ನ ಕೈ ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಕೊಂಡಿದ್ದಳು, ಇನ್ನು ಮುಂದೆ ಕನ್ನಡಕ ಇಲ್ಲದೆ ಕೆಲಸ ಮಾಡುವುದಿಲ್ಲ ಎಂದು. ತಾನೇ ಕನ್ನಡಕ ತರಿಸಿದ್ದಳು. ದಿನಾ ಬೆಳಿಗ್ಗೆ ಅದನ್ನು ತೊಳೆದು ಒರೆಸಿ ಬುತ್ತಿಯ ಚೀಲದಲ್ಲಿ ಇಡುತ್ತಿದ್ದಳು. ನಾನು ಅಂಗಡಿಗೆ ಬಂದು ಅದನ್ನು ಮೊಳೆಗೆ ತೂಗುಹಾಕುತ್ತಿದ್ದೆ, ಬೆವರಿಗೆ ಮಂಜು ಹಿಡಿಯುತ್ತದೆ ಎಂದು ನೆಪ. ಸಂಜೆ ಮನೆಗೆ ಹೊರಡುವ ಮೊದಲು ನೆಲದ ಕಬ್ಬಿಣದ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಗಾಜಿಗೆ ಉಜ್ಜಿ ಒಯ್ಯುತ್ತಿದ್ದೆ. ಇಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ.

ಎಷ್ಟು ದಿನ ಮುಚ್ಚಿಡುವುದು? ಒಂದು ದಿನ ಊಟಕ್ಕೆ ಕೂತಾಗ ಬಲಗಡೆ ಇಟ್ಟಿದ್ದ ನೀರಿನ ಚೊಂಬನ್ನು ಮೂರನೆಯ ಸಲ ಕೆಡವಿದೆ. ರತ್ನಾ ನೀರು ಒರೆಸಲಿಲ್ಲ. ನನ್ನ ಎಡಗಣ್ಣಿಗೆ ಅಂಗೈ ಮುಚ್ಚಿ, "ನನ್ನ ಮಾರಿ ಕಾಣ್ತೈತೇನ್ರಿ?" ಅಂದಳು. ಅವಳ ಹಣೆಯ ಕುಂಕುಮ ನನಗೆ ಕಾಣಲಿಲ್ಲ. ಕಾಣುತ್ತದೆ ಅಂದೆ. ಮರುದಿನ ಮೊದಲ ಬಸ್ಸಿಗೆ ಗದಗಿಗೆ ಕರೆದುಕೊಂಡು ಹೋದಳು.

ಗದಗಿನ ಕಣ್ಣಿನ ಡಾಕ್ಟರು ದೀಪ ಹಾಕಿ ಬಹಳ ಹೊತ್ತು ನೋಡಿದರು. ಒಂದು ಕೆಂಪು ಬಾಟಲಿಯ ಮುಚ್ಚಳ ತೋರಿಸಿ ಎರಡೂ ಕಣ್ಣಿಗೆ ಒಂದೇ ಕೆಂಪು ಕಾಣುತ್ತದೆಯೇ ಎಂದು ಕೇಳಿದರು. ಇಷ್ಟು ಓದಿದವರೂ ನನ್ನ ಕುಲುಮೆಯ ಪರೀಕ್ಷೆಯನ್ನೇ ಮಾಡುತ್ತಾರಲ್ಲ ಎಂದು ಆಶ್ಚರ್ಯವಾಯಿತು. ಆಮೇಲೆ ಅವರು ಕುರ್ಚಿ ಹಿಂದೆ ಸರಿಸಿದರು.

"ಕಣ್ಣಿನ ಹಿಂದಿನ ನರ ಬಾತೈತಿ. ಒತ್ತೋದು ಏನರೆ ಇರಬಹುದು. ಗಡ್ಡಿ ಇದ್ರೂ ಇರಬಹುದು. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸ್ರಿ. ಬರೇ ಎಂಆರ್‌ಐ ಅಲ್ಲ, ಕೈಗೆ ಸೂಜಿ ಚುಚ್ಚಿ ಔಷಧ ಬಿಟ್ಟು ತಗಿಯೋದು. ಅದರಾಗ ಗಡ್ಡಿಗೆ ತಪ್ಪಸ್ಕೊಳ್ಳಾಕ ಆಗೂದಿಲ್ಲ."

ತಪ್ಪಿಸಿಕೊಳ್ಳಲಾಗುವುದಿಲ್ಲ ಎಂದು ಅವರು ಗಡ್ಡೆಯ ಬಗ್ಗೆ ಹೇಳಿದ್ದು. ನನಗೆ ನನ್ನ ಬಗ್ಗೆಯೇ ಹೇಳಿದ ಹಾಗಾಯಿತು. ಕಣ್ಣು ಹೋಗುತ್ತದೆಯೇ ಎಂದು ರತ್ನಾ ಕೇಳಿದಳು. ಚಿತ್ರ ನೋಡದೆ ಏನೂ ಹೇಳಲಾರೆ ಅಂದರು.

ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ನರಗುಂದದಿಂದ ರತ್ನಾಳ ಅಣ್ಣ ಫೋನ್ ಮಾಡಿ, ತಮ್ಮ ಓಣಿಯ ಒಬ್ಬರಿಗೆ ಹೀಗೇ ಆಗಿ ಬರೀ ಹನಿ ಔಷಧದಲ್ಲಿ ವಾಸಿಯಾಯಿತು ಎಂದು ಅರ್ಧ ತಾಸು ಹೇಳಿದ. ಗಜೇಂದ್ರಗಡದಿಂದ ನಮ್ಮಕ್ಕ ನೀಲವ್ವ ಉಪ್ಪು ಮೆಣಸಿನಕಾಯಿ ಕಟ್ಟಿಕೊಂಡೇ ಬಂದಳು. ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದೇ ತಪ್ಪಾಯಿತು, ಕಂಡವರ ಕೆಟ್ಟ ನೆದರು ಬಿತ್ತು ಎಂದು ಅವಳ ಲೆಕ್ಕ. ನಿವಾಳಿಸಿ ಒಲೆಗೆ ಹಾಕಿದಾಗ ಮೆಣಸಿನಕಾಯಿ ಘಾಟು ಬರಲಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಉಳಿದವರೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಬಂದೆವು. ನಗು ಬಂತು, ನಕ್ಕೆ. ಆದರೆ ಆ ವಾರವಿಡೀ ನನಗೆ ಎಲ್ಲಿ ಕೂತರೂ ಬಾಗಿಲಿಲ್ಲದ ಕೋಣೆಯಲ್ಲಿ ಕೂತಂತೆ ಇತ್ತು. ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಇದೆ ಅಂದಾರು, ಮಾಡಿಸದಿದ್ದರೆ ಕಣ್ಣು ಹೋದೀತು, ಚೂರಿನ ಸಂಗತಿ ಹೇಳಿದರೆ ರತ್ನಾಳ ತಲೆಯ ಮೇಲಿನ ಆಣೆ. ಎತ್ತ ತಿರುಗಿದರೂ ಹಣೆಗೆ ಗೋಡೆ ಬಡಿಯುತ್ತಿತ್ತು.

ಹುಬ್ಬಳ್ಳಿಗೆ ಮೂವರು ಹೋದೆವು. ನಾನು, ರತ್ನಾ, ಮತ್ತು ಬೇಡವೆಂದರೂ ಅಂಗಡಿ ಮುಚ್ಚಿ ಬಂದ ಮೌಲಾಸಾಬ. ಬಸ್ಸಿನಲ್ಲಿ ಅವನು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದ. ಅಣ್ಣಿಗೇರಿ ದಾಟಿದ ಮೇಲೆ ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ, "ಅದು ಅಯಸ್ಕಾಂತದ ಮಷೀನ್ ಐತಂತಲೇ. ಭಾಳ ದೊಡ್ಡದು. ಹೇಳಿಬಿಡು" ಅಂದ. ಸುಮ್ಮನಿರು ಅಂದೆ.

ಆಗ ಕಾಯುವ ಕೋಣೆಯಲ್ಲಿ ಆ ಹಾಳೆ ಬಂತು. ರತ್ನಾ ಓದಿದಳು, ನಾನು ಇಲ್ಲ ಅಂದೆ. ಎದುರಿನ ಕುರ್ಚಿಯಲ್ಲಿದ್ದ ಮೌಲಾಸಾಬ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಒಳಗೆ ಕರೆದವಳು ಒಬ್ಬ ತರುಣಿ, ಯಂತ್ರ ನಡೆಸುವವಳು. ನನ್ನನ್ನು ಕಾಕಾ ಅಂದಳು. ಅಂಗಿ ಬಿಚ್ಚಿಸಿ ಅವರದೇ ಹಸಿರು ನಿಲುವಂಗಿ ಕೊಟ್ಟಳು. ಸೊಂಟದ ಬೆಳ್ಳಿಯ ಉಡದಾರ ತೆಗೆಯಲು ಹೇಳಿದಾಗ ನಾನು ಸ್ವಲ್ಪ ಹಾರಾಡಿದೆ.

"ನಮ್ಮಲ್ಲೆ ಉಡದಾರ ಸತ್ತ ಮ್ಯಾಲ ತಗಿತಾರವ್ವ."

"ಇಲ್ಲೆ ಜೀವಂತ ಇದ್ದವ್ರೂ ತಗಿತಾರ್ರಿ ಕಾಕಾ. ಹೊರಗ ಬಂದ ಮ್ಯಾಲ ಕಟ್ಗೋರಿ" ಅಂದಳು ಅವಳು, ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ದನಿಯಲ್ಲಿ. ತೆಗೆದುಕೊಟ್ಟೆ. ಮತ್ತೊಮ್ಮೆ ಕೇಳಿದಳು, ಮೈಮೇಲೆ, ಮೈಯೊಳಗೆ ಎಲ್ಲಿಯೂ ಲೋಹ ಇಲ್ಲವಲ್ಲ ಎಂದು. ಇಲ್ಲವ್ವ ಅಂದೆ. ಸುಳ್ಳು ಎರಡನೆಯ ಸಲ ಹೇಳುವಾಗ ಮೊದಲಿನಷ್ಟು ತ್ರಾಸ ಆಗುವುದಿಲ್ಲ.

ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಮುಖದ ಮೇಲೆ ಒಂದು ಪಂಜರ ಮುಚ್ಚಿದಳು. ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ತಾಳಲಾಗದಿದ್ದರೆ ಒತ್ತಿರಿ ಅಂದಳು. ಔಷಧದ ಸೂಜಿಗಾಗಿ ಇನ್ನೊಂದು ಕೈಯಲ್ಲಿ ಮೊದಲೇ ನಳಿಕೆ ಕೂಡಿಸಿದ್ದರು. ಹಲಗೆ ಒಳಗೆ ಸರಿಯಿತು. ಮೂಗಿನಿಂದ ಒಂದು ಗೇಣಿಗೆ ಛಾವಣಿ. ಭುಜ ಎರಡೂ ಕಡೆ ಗೋಡೆಗೆ ತಾಗುತ್ತಿತ್ತು.

ವೆಲ್ಡಿಂಗ್ ಮಾಡುವವನಿಗೆ ಮುಖದ ಮೇಲೆ ಮುಚ್ಚಳ ಹೊಸದಲ್ಲ. ಆದರೆ ಅದನ್ನು ಬೇಕೆಂದಾಗ ಎತ್ತಿಕೊಳ್ಳಬಹುದು. ಇಲ್ಲಿ ತಲೆ ಅಲ್ಲಾಡಿಸುವಂತಿಲ್ಲ, ಕೆಮ್ಮುವಂತಿಲ್ಲ, ಕಣ್ಣು ಹೊರಳಿಸುವಂತಿಲ್ಲ. ಯಾರೋ ತಗಡಿನ ಮೇಲೆ ಸುತ್ತಿಗೆ ಹೊಡೆದಂಥ ಸದ್ದು ಶುರುವಾಯಿತು. ಆಗ ನೆನಪಾಯಿತು ಟ್ರಾಲಿಯ ಮೇಲೆ ಮಲಗಿದ್ದು, ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ ಹತ್ತಿರ ಬಂದಿದ್ದು, ಕಣ್ಣೊಳಗೆ ಏನೋ ಎದ್ದು ನಿಂತಿದ್ದು. ಅದು ಅಂಗೈಯಷ್ಟರ ಅಯಸ್ಕಾಂತ. ಈಗ ನಾನು ಅಯಸ್ಕಾಂತದ ಹೊಟ್ಟೆಯಲ್ಲೇ ಇದ್ದೆ. ಬಲಗಣ್ಣಿನ ಮೂಲೆಯಲ್ಲಿ ಬಿಸಿಯಾದಂತೆ, ಏನೋ ಜರುಗಿದಂತೆ ಅನಿಸಿತು. ಖರೇನೇ ಜರುಗಿತೋ, ಹೆದರಿಕೆಗೆ ಹಾಗಾಯಿತೋ ತಿಳಿಯಲು ಉಪಾಯವಿರಲಿಲ್ಲ. ಚೆಂಡು ಒತ್ತಿದೆ.

ಹಲಗೆ ಹೊರಗೆ ಬಂತು. "ಏನಾತ್ರಿ ಕಾಕಾ?" ಅಂದಳು ಆ ಹುಡುಗಿ.

ಹೇಳಬೇಕಿತ್ತು. ಅವಕಾಶ ಅಲ್ಲೇ, ಅವಳ ಮುಖದ ರೂಪದಲ್ಲಿ ನನ್ನ ಮೇಲೆ ಬಾಗಿ ನಿಂತಿತ್ತು. "ಉಸಿರು ಕಟ್ಟಿದಂಗಾತವ್ವ" ಅಂದೆ.

"ಭಾಳ ಮಂದಿಗೆ ಹಂಗ ಆಗ್ತೈತ್ರಿ. ಮನ್ಯಾವ್ರನ್ನ ಒಳಗ ಕರಿತೀನಿ. ಕಾಲು ಹಿಡ್ಕೊಂಡು ಕುಂದರ್ತಾರ. ಆರಾಮ ಆಗ್ತೈತಿ." ಒಂದು ಬಟ್ಟೆ ಮಡಚಿ ನನ್ನ ಹಣೆಯ ಬೆವರು ಒರೆಸಿ ಹೋದಳು. ಆ ಹುಡುಗಿಯ ಒಳ್ಳೆಯತನ ಆಗ ನನಗೆ ನನ್ನ ಮೇಲೇ ಸಿಟ್ಟು ತರಿಸಿತು.

ಮಲಗಿದಲ್ಲಿಂದಲೇ ಬಾಗಿಲ ಕಡೆಯ ಮಾತು ಕೇಳಿಸುತ್ತಿತ್ತು. ಒಳಗೆ ಬರುವವರೂ ಲೋಹದ್ದೆಲ್ಲ ತೆಗೆಯಬೇಕು. ಕಾಲುಂಗುರ, ಓಲೆ, ಪಿನ್ನು. ಆಮೇಲೆ ಆ ಹುಡುಗಿಯ ದನಿ ಸಣ್ಣದಾಯಿತು.

"ಅಕ್ಕಾರ, ತಾಳಿ ಸೈತ ತಗಿಬೇಕಾಗ್ತೈತ್ರಿ."

ನಮ್ಮ ಮನೆಯಲ್ಲಿ ತಾಳಿಯ ದಾರ ಬದಲಿಸುವಾಗಲೂ ಕೊರಳು ಬರಿದಾಗಬಾರದೆಂದು ಮೊದಲು ಅರಿಶಿಣದ ಕೊಂಬು ಕಟ್ಟಿಕೊಂಡು ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಗಂಡ ಮಲಗಿರುವಾಗ, ಅದೂ ದವಾಖಾನೆಯಲ್ಲಿ, ಬರಿಗೊರಳಿನಲ್ಲಿ ಅವನ ಮುಂದೆ ಬರುವುದನ್ನು ನೀಲವ್ವ ಕೇಳಿದ್ದರೆ ಅಲ್ಲೇ ಕುಸಿದು ಬೀಳುತ್ತಿದ್ದಳು. ಬೇಡ ಅನ್ನುತ್ತಾಳೆ, ಹೊರಗೇ ಕೂರುತ್ತಾಳೆ ಎಂದು ನಾನು ಕಾದೆ. ಖರೇ ಹೇಳಬೇಕೆಂದರೆ, ಹಾಗೇ ಆಗಲಿ ಎಂದು ಬೇಡಿಕೊಂಡೆ.

"ಅವ್ರ ಕಣ್ಣಿಗಿಂತ ಇದೇನ ದೊಡ್ಡದಲ್ಲ" ಅಂದಳು ರತ್ನಾ. ಆಮೇಲೆ, "ಮೌಲಾಭಾಯಿ, ಹಿಡ್ಕೋರಿ ಇದನ್ನ. ಕೆಳಗ ಇಡಬ್ಯಾಡ್ರಿ."

ಅವಳು ಬಂದು ನನ್ನ ಕಾಲ ಬಳಿ ಕೂತು ಬಲಗಾಲಿನ ಹೆಬ್ಬೆರಳು ಹಿಡಿದುಕೊಂಡಳು. ಪಂಜರದ ಮೇಲಿನ ಸಣ್ಣ ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಮದುವೆಯಾದ ಮೇಲೆ ಆ ಕೊರಳನ್ನು ನಾನು ಹಾಗೆ ನೋಡಿರಲಿಲ್ಲ. ತಾಳಿಯ ಸರ ಇದ್ದ ಜಾಗದಲ್ಲಿ ಚರ್ಮ ಒಂದು ಗೆರೆಯಷ್ಟು ಬೆಳ್ಳಗಿತ್ತು. ಹಲಗೆ ಮತ್ತೆ ಸರಿಯತೊಡಗಿತು. ಇವಳು ನನಗಾಗಿ ಅದನ್ನು ತೆಗೆದು ಬಂದಿದ್ದಾಳೆ, ನಾನು ಒಂದು ಮಾತು ಬಾಯಿಂದ ತೆಗೆಯಲಾರದೆ ಮಲಗಿದ್ದೇನೆ. ಮೈಯೆಲ್ಲ ಒಳಗೆ ಹೋಗುವ ಮೊದಲೇ ಚೆಂಡು ಒತ್ತಿದೆ. ಒತ್ತುತ್ತಲೇ ಇದ್ದೆ.

"ಕಣ್ಣಾಗ ಚೂರು ಬಿದ್ದಿತ್ತವ್ವ. ಮೂರು ವರ್ಷದ ಹಿಂದ. ಅಯಸ್ಕಾಂತ ಹಚ್ಚಿ ತಗದ್ವಿ. ಪೂರಾ ಬಂತೋ ಇಲ್ಲೋ ಗೊತ್ತಿಲ್ಲ. ಕನ್ನಡಕ ಹಾಕಿರಲಿಲ್ಲ" ಅಂದೆ. ಮೊದಲ ಮಾತುಗಳು ಆ ಹುಡುಗಿಗೆ, ಕೊನೆಯದು ರತ್ನಾಳಿಗೆ.

ಆ ಹುಡುಗಿ ತಕ್ಷಣ ನನ್ನನ್ನು ಹೊರಗೆಳೆದು ಪಂಜರ ಬಿಚ್ಚಿದಳು. ಗದರಲಿಲ್ಲ. "ಇದನ್ನ ಮೊದಲ ಹೇಳಬೇಕಿತ್ರಿ ಕಾಕಾ. ಚೂರು ಇನ್ನೂ ಒಳಗ ಇದ್ರ ಕಣ್ಣ ಹೋಗ್ತೈತಿ" ಎಂದಷ್ಟೇ ಹೇಳಿ ಡಾಕ್ಟರನ್ನು ಕರೆಯಲು ಓಡಿದಳು.

ನಾನು ಎದ್ದು ಕೂತೆ. ರತ್ನಾ ಇನ್ನೂ ನನ್ನ ಹೆಬ್ಬೆರಳು ಬಿಟ್ಟಿರಲಿಲ್ಲ.

"ಸಂಜಿ ಮುಂದ ಗಾಜಿಗೆ ಕಬ್ಬಿಣದ ಪುಡಿ ಹಚ್ಕೊಂಡು ಬರ್ತಿದ್ರಿ" ಅಂದಳು.

ನಾನು ತಲೆ ತಗ್ಗಿಸಿದೆ. "ನಿನಗ ಗೊತ್ತಿತ್ತೇನ?"

"ಪುಡಿ ಗಾಜಿನ ಮ್ಯಾಲಷ್ಟ ಇರ್ತಿತ್ತು. ಕಿವಿ ಮ್ಯಾಲಿನ ಕಡ್ಡಿಗೆ ಒಂದಿನಾನೂ ಬೆವರಿನ ಕಲಿ ಇರಲಿಲ್ಲ. ದಿನಾ ತೊಳ್ಯಾಕಿ ನಾನ ಅಲ್ಲೇನ್ರಿ?" ಅಂದಳು. ಆಮೇಲೆ, "ಇವತ್ತಿಲ್ಲ ನಾಳೆ ಹಾಕ್ಕೊಂಡಾರು ಅಂತ ತೊಳಕೋತ ಬಂದೆ" ಅಂದಳು. ನಾನು ಅತ್ತೆ. ನಮ್ಮ ಅಂಗಡಿಯ ಮುಂದೆ ಆಗಿದ್ದರೆ ಹೊಗೆಗೆ ಕಣ್ಣೀರು ಬಂತು ಅನ್ನುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಕಣ್ಣಿನ ಎಕ್ಸರೇ ತೆಗೆದರು. ಮೇಲೆ ನೋಡಿ ಒಂದು, ಕೆಳಗೆ ನೋಡಿ ಒಂದು. ಫಲಿತಾಂಶಕ್ಕೆ ಮೂವರೂ ಹೊರಗೆ ಕೂತೆವು. ಮೌಲಾಸಾಬ ತಾಳಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು, ಚಹಾ ಬಂದರೂ ಬೇಡವೆಂದು, ಹಾಗೇ ಕೂತಿದ್ದ. ಕೆಳಗೆ ಇಡಬೇಡ ಎಂದಿದ್ದಕ್ಕೆ ಮಡಿಲಲ್ಲಿ ಕೂಡ ಇಟ್ಟಿರಲಿಲ್ಲ. ರತ್ನಾ ತಾನೇ ಹೋಗಿ ತೆಗೆದುಕೊಂಡಳು.

"ತಪ್ಪ ನಂದೂ ಐತಿ ತಂಗಿ" ಅಂದ.

"ಹೌದು, ಐತಿ" ಅಂದಳು ರತ್ನಾ, ಮತ್ತು ಅವನಿಗೆ ಚಹಾ ಕೊಟ್ಟಳು.

ಡಾಕ್ಟರು ಬಂದು ಚೂರು ಇಲ್ಲ, ಕಣ್ಣು ಸ್ವಚ್ಛವಾಗಿದೆ ಅಂದರು. ಮೌಲಾಸಾಬ ಮೂರು ವರ್ಷದ ಉಸಿರು ಬಿಟ್ಟ. ನಾನು ಮಾತ್ರ ಇನ್ನೊಮ್ಮೆ ಸರಿಯಾಗಿ ನೋಡಿ ಎಂದು ಕೇಳಿಕೊಂಡೆ. ಅಷ್ಟು ದಿನ ನಾನು ಆ ಚೂರಿಗೆ ಹೆದರುತ್ತಿದ್ದೇನೆ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಚೂರು ಇದ್ದರೆ ಕಾಯಿಲೆ ಕಬ್ಬಿಣದ್ದು, ತೆಗೆದರೆ ಮುಗಿಯಿತು, ಗಡ್ಡೆಯ ಮಾತೇ ಬರುವುದಿಲ್ಲ. ಮನಸ್ಸಿನ ಮೂಲೆಯಲ್ಲಿ ಆ ಚೂರನ್ನು ನಾನು ಆಸೆಪಟ್ಟು ಕಾಪಾಡಿಕೊಂಡಿದ್ದೆ. ಈಗ ಅದೂ ಹೋಯಿತು.

ಮೂರನೆಯ ಸಲ ಒಳಗೆ ಹೋದೆ. ರತ್ನಾ ಮತ್ತೆ ತಾಳಿ ಬಿಚ್ಚಿ ಮೌಲಾಸಾಬನ ಕೈಗೆ ಕೊಟ್ಟು ಬಂದು ಹೆಬ್ಬೆರಳು ಹಿಡಿದಳು. ಮೊದಲು ಔಷಧವಿಲ್ಲದೆ ತೆಗೆದರು. ಆಮೇಲೆ ಕೈಯ ನಳಿಕೆಯಲ್ಲಿ ಔಷಧ ಬಿಟ್ಟರು, ತೋಳಿನುದ್ದಕ್ಕೂ ತಣ್ಣಗೆ ಏರಿತು. ನಾಲಿಗೆಗೆ ಕಬ್ಬಿಣ ನೆಕ್ಕಿದ ರುಚಿ ಬಂತು. ಚಿಕ್ಕಂದಿನಲ್ಲಿ ಅಪ್ಪನ ಕುಲುಮೆಯ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಪೆಟ್ಟು ತಿಂದಿದ್ದು ನೆನಪಾಯಿತು. ಗೋಡೆಗಳು ಅಷ್ಟೇ ಹತ್ತಿರ ಇದ್ದವು, ಸದ್ದು ಅಷ್ಟೇ ಇತ್ತು. ಹೆದರಿಕೆ ಹೋಗಲಿಲ್ಲ, ಆದರೆ ಚೆಂಡು ಒತ್ತಬೇಕೆನಿಸಲಿಲ್ಲ. ಹೆಬ್ಬೆರಳಿನ ಮೇಲಿನ ಬಿಗಿತವನ್ನೇ ಎಣಿಸುತ್ತ ಮಲಗಿದೆ.

ನಾಲ್ಕು ದಿನದ ಮೇಲೆ ಹುಬ್ಬಳ್ಳಿಯ ನರದ ಡಾಕ್ಟರು ಚಿತ್ರಗಳನ್ನು ದೀಪದ ಮುಂದೆ ಏರಿಸಿದರು. ಮೊದಲನೆಯದು ಔಷಧ ಹಾಕುವ ಮೊದಲಿನದು. ಬಲಗಡೆಯ ನರ ಎಡಗಡೆಯದಕ್ಕಿಂತ ಒಂದಿಷ್ಟು ದಪ್ಪ, ಅಷ್ಟೇ. ಎರಡನೆಯದರಲ್ಲಿ ನರದ ಎರಡೂ ಬದಿಗೆ ಬೆಳ್ಳಗೆ ಎರಡು ಗೆರೆ ಹೊಳೆಯುತ್ತಿದ್ದವು, ನಡುವೆ ನರ ಕಪ್ಪಗೆ. ಸರಳಿನ ಎರಡೂ ಕಡೆ ವೆಲ್ಡಿಂಗ್ ಹೊಡೆದಂತೆ ಕಂಡಿತು.

"ಮೊದಲಿನ ಚಿತ್ರದಾಗ ಇದು ಬರೇ ಬಾವಿನಂಗ ಕಾಣ್ತೈತಿ. ಔಷಧ ಹೋದ ಮ್ಯಾಲ ಗಡ್ಡಿ ತಾನಾಗೇ ತೋರಿಸ್ಕೊಂಡೈತಿ ನೋಡ್ರಿ" ಅಂದರು ಡಾಕ್ಟರು. "ಕ್ಯಾನ್ಸರ್ ಅಲ್ಲ. ನರದ ಹೊದಿಕಿಯಿಂದ ಬೆಳದೈತಿ, ಸಾವಕಾಶ ಬೆಳಿತೈತಿ. ಆದ್ರ ನರ ಹಿಚುಕ್ತೈತಿ."

"ಕೊರದು ತಗದುಬಿಡ್ರಿ" ಅಂದೆ. ಹೊಡೆದ ವೆಲ್ಡಿಂಗನ್ನು ಗ್ರೈಂಡ್ ಮಾಡಿ ತೆಗೆಯುವುದು ನನಗೆ ಗೊತ್ತಿದ್ದ ಕೆಲಸ.

"ಕೊರದ್ರ ನರಾನೂ ಬರ್ತೈತ್ರಿ. ಆ ಕಣ್ಣು ಅವತ್ತ ಮುಗೀತು. ಕಿರಣ ಕೊಡೂಣು. ಇದ್ದಷ್ಟು ದೃಷ್ಟಿ ಉಳಿಸ್ಕೊಳ್ಳಾಕ ನೋಡೂಣು."

ಇದ್ದಷ್ಟು ಎಂದರೆ ಎಷ್ಟು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ನೇರವಾಗಿ ಹೇಳಿದ ಡಾಕ್ಟರ ಮೇಲೆ ನನಗೆ ಅಂದಿನಿಂದ ವಿಶ್ವಾಸ.

ಕಿರಣದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖಕ್ಕೆ ಒತ್ತಿ, ಅದು ಗಟ್ಟಿಯಾದ ಮೇಲೆ ದಿನಾ ಅದನ್ನೇ ಹಾಕಿ ಹಲಗೆಗೆ ಬಿಗಿಯುತ್ತಿದ್ದರು. ಆರು ವಾರ, ರವಿವಾರ ಬಿಟ್ಟು. ನಾನು ಎಷ್ಟು ಕಬ್ಬಿಣವನ್ನು ವೈಸಿನ ಇಕ್ಕಳದಲ್ಲಿ ಬಿಗಿದಿದ್ದೆನೋ ಅದರ ಋಣವೆಲ್ಲ ತೀರಿತು. ಹುಬ್ಬಳ್ಳಿಯಲ್ಲಿ ಒಂದು ಖೋಲಿ ಹಿಡಿದು ನಾವಿಬ್ಬರೇ ಇದ್ದೆವು. ಹೊರಗೆ ಹೋದರೆ ಬಿಸಿಲಿಗೆ ತಲೆನೋವು, ಒಳಗೆ ಇದ್ದರೆ ಯೋಚನೆ. ಸಿಟ್ಟು ಬಂದರೆ ರತ್ನಾಳ ಮೇಲೆ ಹಾಯುತ್ತಿದ್ದೆ. ಅವಳೂ ಸುಮ್ಮನಿರುವವಳಲ್ಲ. ಒಂದು ದಿನ ಅನ್ನಕ್ಕೆ ಉಪ್ಪಿಲ್ಲ ಎಂದು ಕೂಗಾಡಿದ್ದಕ್ಕೆ, "ಕಣ್ಣ ಹೋದ್ರ ನಡೀತೈತಿ, ನಾಲಿಗಿ ಸುದ್ದ ಇಟ್ಕೋರಿ" ಅಂದಳು. ಅಷ್ಟು ವಾರಗಳಲ್ಲಿ ಇಬ್ಬರೂ ಕೂಡಿ ನಕ್ಕಿದ್ದು ಅವತ್ತೇ.

ಕಣ್ಣು ಪೂರಾ ಹೋಗಲಿಲ್ಲ. ಪೂರಾ ಬರಲೂ ಇಲ್ಲ. ಬಲಗಣ್ಣಿಗೆ ಮನುಷ್ಯರು ಕಾಣುತ್ತಾರೆ, ಮುಖ ಕಾಣುವುದಿಲ್ಲ. ಕೆಂಪು ಇನ್ನೂ ಬೂದಿಯೇ. ಎಡಗಣ್ಣಿನಲ್ಲಿ ಹದ ನೋಡುವುದನ್ನು ಮತ್ತೆ ಮೊದಲಿನಿಂದ ಕಲಿತೆ, ಆರು ತಿಂಗಳು ಹಿಡಿಯಿತು. ಮೊದಲು ಸರಿಬಂದ ಕೊಡಲಿಯನ್ನು ಅಸೂಟಿಯ ಹಿರಿಯರಿಗೇ ಕಳಿಸಿದೆ. ಅದು ಮರಳಿ ಬಂದಿಲ್ಲ. ಸುತ್ತಿಗೆಯ ಅಂದಾಜು ತಪ್ಪುತ್ತದೆ, ಹತ್ತಿರದ್ದು ದೂರ, ದೂರದ್ದು ಹತ್ತಿರ ಅನಿಸಿ ಬೆರಳು ಜಜ್ಜಿಕೊಳ್ಳುತ್ತೇನೆ. ಕನ್ನಡಕ ಈಗ ಮೊಳೆಯ ಮೇಲಿಲ್ಲ. ಮೌಲಾಸಾಬನೂ ಹಾಕುತ್ತಾನೆ. ಸ್ಪೀಕರಿನ ಅಯಸ್ಕಾಂತವನ್ನು ಅವನು ಯಾರಿಗೂ ಹೇಳದೆ ಗುಜರಿಗೆ ಹಾಕಿದ. ಗಡ್ಡೆ ಒಳಗೇ ಇದೆ. ಬೆಳೆದಿದೆಯೇ, ನಿಂತಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಅದೇ ಕುರ್ಚಿ, ಅದೇ ಹಾಳೆ, ಅದೇ ಔಷಧ, ಅದೇ ಕೊಳವೆ. ಬಿಡುಗಡೆ ಎಂಬುದು ನನ್ನ ಪಾಲಿಗಿಲ್ಲ. ತಾರೀಖು ಹತ್ತಿರ ಬಂದಂತೆ ನನಗೆ ಊಟ ಸೇರುವುದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಹಾಗೆ ಆಗುತ್ತಿದ್ದರೆ, ಅದು ನಿಮ್ಮೊಬ್ಬರಿಗೇ ಅಲ್ಲ.

ಈ ವರ್ಷ ಹೋದಾಗ ರತ್ನಾ ಹಾಳೆ ಓದುತ್ತ ಆ ಪ್ರಶ್ನೆಗೆ ಬಂದು ನಿಂತಳು. ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು.

"ಕಣ್ಣಾಗ ಲೋಹದ ಚೂರು ಬಿದ್ದಿತ್ತೇನ್ರಿ?"

"ಹೌದು. ಬಲಗಣ್ಣಾಗ. ಗ್ರೈಂಡಿಂಗ್ ಮಾಡೂ ಮುಂದ. ಅಯಸ್ಕಾಂತ ಹಚ್ಚಿ ತಗದ್ವಿ. ಎಕ್ಸರೇ ಆಗೇತಿ, ಚೂರಿಲ್ಲ" ಅಂದೆ, ನಾನೂ ಅಷ್ಟೇ ದೊಡ್ಡ ದನಿಯಲ್ಲಿ.

ಎದುರಿನ ಕುರ್ಚಿಯಲ್ಲಿ ನನ್ನ ವಯಸ್ಸಿನ ಒಬ್ಬನಿದ್ದ. ಬೆರಳುಗಳ ತುಂಬ ಸಣ್ಣ ಸಣ್ಣ ಸುಟ್ಟ ಕಲೆ, ಏನು ಕೆಲಸದವನೆಂದು ಕೇಳಬೇಕಿರಲಿಲ್ಲ. ತುಂಬಿ ಮುಗಿಸಿದ ಅವನ ಹಾಳೆ ತೊಡೆಯ ಮೇಲಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ರತ್ನಾಳ ಕಡೆ ಬಾಗಿ, "ಅಕ್ಕಾರ, ಆ ಪೆನ್ನ ಒಂಚೂರು ಕೊಡ್ತೀರೇನ್ರಿ?" ಅಂದ.

ಒಳಗಿನಿಂದ ನನ್ನ ಹೆಸರು ಕೂಗಿದರು. ಮೌಲಾಸಾಬ ಎದ್ದು ನಿಂತು ಎರಡೂ ಅಂಗೈ ಮುಂದೆ ಹಿಡಿದ. ರತ್ನಾ ಕೊರಳ ಹಿಂದೆ ಕೈ ಒಯ್ದಳು. ನಾನು ಅವಳ ಕೈ ಸರಿಸಿ, ತಾಳಿಯ ಸರದ ಕೊಂಡಿಗೆ ಕೈ ಹಾಕಿದೆ. ಒಂದೇ ಕಣ್ಣಿನ ಅಂದಾಜಿಗೆ ಅಷ್ಟು ಸಣ್ಣ ಕೊಂಡಿ ಸಿಗಲಿಲ್ಲ. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಮತ್ತೊಮ್ಮೆ ಹೆಸರು ಕೂಗಿದರು.

"ಕೂಗಲಿ ಬಿಡ್ರಿ" ಅಂದಳು ರತ್ನಾ, ತಲೆ ತಗ್ಗಿಸಿ, ಕೂದಲು ಪಕ್ಕಕ್ಕೆ ಹಿಡಿದುಕೊಂಡು. "ನಿಮಗ ಸಿಗೂತನಾ ನಿಂದರ್ತೀನಿ."

ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಹುಡುಕಿದೆ. ಸಿಕ್ಕಿತು.